ಯಕ್ಷನ ಕೆರೆಗೆ ಹೊರಡುವ ಮುನ್ನ

ಮದುವೆಯಾಗಿ ಇಪ್ಪತ್ತಾರು ವರ್ಷ. ಈ ಮನೆಯಿಂದ ಎಷ್ಟೋ ಪ್ರವಾಸಗಳು ಹೊರಟಿವೆ. ಪ್ರತಿ ಸಲವೂ ಚಕ್ಕುಲಿ ಕರಿದು, ಡಬ್ಬಿ ತುಂಬಿ, ಹೊದಿಕೆ ಮಡಿಸಿಟ್ಟು, ಬಾಗಿಲಲ್ಲಿ ನಿಂತು ಕೈ ಬೀಸಿದವಳು ನಾನು. ಮನೆ ನೋಡಿಕೊಳ್ಳಲು ಒಬ್ಬರು ಬೇಡವೇ? ಅದು ನಾನೇ ಆಗಬೇಕೆಂದು ಯಾರೂ ಹೇಳಿದ್ದಿಲ್ಲ. ಹಾಗೇ ನಡೆದುಬಂದಿತ್ತು ಅಷ್ಟೆ. ನಿಮ್ಮಲ್ಲಿ ಅನೇಕರಿಗೆ ಇದೇನೂ ಹೊಸದಲ್ಲ.

ಕಳೆದ ದಸರಾ ರಜೆಗೆ ಹಿಮಾಲಯದ ದೇವರಿಯಾ ತಾಲ್‌ಗೆ ಹೋಗಿ ಡೇರೆಯಲ್ಲಿ ಒಂದು ರಾತ್ರಿ ಕಳೆಯೋಣವೆಂದು ಮಗ ಹಟ ಹಿಡಿದ. ನಾನು ಅಭ್ಯಾಸಬಲದಿಂದ, “ಎಷ್ಟು ದಿನಕ್ಕೆ ತಿಂಡಿ ಬೇಕೋ?” ಎಂದೆ. ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿ, “ಈ ಸಲ ನೀನೂ ಹೋಗು. ಮನೇಲಿ ನಾನಿರ್ತೀನಿ” ಅಂದರು.

“ನಿಮ್ಮೊಬ್ಬರನ್ನೇ ಬಿಟ್ಟು ಹೇಗತ್ತೆ ಹೋಗೋದು?”

“ಪಕ್ಕದ ಮನೆ ಹುಡುಗಿ ರಾತ್ರಿ ಬಂದು ಮಲಗ್ತಾಳೆ ಬಿಡು. ನಾನು ಕೇದಾರಕ್ಕೆ ಹೋದಾಗ ಬಸ್ಸಲ್ಲಿ ಯಾರೋ, ಆ ಬೆಟ್ಟದ ಮೇಲೆ ಯಕ್ಷನ ಕೆರೆ ಇದೆ ಅಂತ ಬೆರಳು ತೋರಿಸಿದ್ರು. ಇಳಿಯೋ ಹಾಗಿರ್ಲಿಲ್ಲ. ನೀನು ನೋಡ್ಕೊಂಡು ಬಂದು ಹೇಳು.”

ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ಈ ಕೆರೆ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ. ಬಾಯಾರಿದ ಪಾಂಡವರನ್ನು ಯಕ್ಷ ತಡೆದು ಪ್ರಶ್ನೆ ಕೇಳಿದ್ದು ಇದೇ ದಂಡೆಯಲ್ಲಿ ಎಂದು ಅಲ್ಲಿಯವರ ನಂಬಿಕೆ. ಉತ್ತರ ಕೊಡದೆ ನೀರಿಗೆ ಕೈಹಾಕಿದ ನಾಲ್ವರು ತಮ್ಮಂದಿರ ಗತಿ ನಮಗೆಲ್ಲ ಗೊತ್ತಿರುವುದೇ. ಹಾಗಾಗಿ ನಾವೂ ಹೊರಡುವ ಮೊದಲೇ ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡೆವು.

ಮೊದಲನೆಯದು, ಯಾವಾಗ? ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ಆ ರಸ್ತೆಗಳ ಮೇಲೆ ಗುಡ್ಡ ಕುಸಿಯುತ್ತದೆ. ಚಳಿಗಾಲದ ನಡುವೆ ಹಿಮ. ಏಪ್ರಿಲ್ ಸುಮಾರಿಗೆ ಹೋದರೆ ಬುರಾಂಶ್ ಮರಗಳು ಕೆಂಪು ಹೂ ಬಿಟ್ಟಿರುತ್ತವೆ. ಮಳೆ ನಿಂತ ಮೇಲಿನ ಅಕ್ಟೋಬರಿನಲ್ಲಿ ಆಕಾಶ ತಿಳಿಯಾಗಿ ಶಿಖರಗಳು ಚೆನ್ನಾಗಿ ಕಾಣುತ್ತವೆ. ನಾವು ಆರಿಸಿದ್ದು ಅದನ್ನೇ.

ಎರಡನೆಯದು, ದಾರಿ. ಹರಿದ್ವಾರದವರೆಗೆ ರೈಲು. ಮುಂದೆ ಹೃಷಿಕೇಶ, ದೇವಪ್ರಯಾಗ, ರುದ್ರಪ್ರಯಾಗದ ಮೇಲೆ ಊಖಿಮಠ. ತಿರುವುಗಳ ಈ ದಾರಿಗೆ ಹಗಲೆಲ್ಲ ಬೇಕು. ವಾಂತಿಯಾಗುವವರು ನಿಂಬೆಹಣ್ಣು ಮರೆಯಬೇಡಿ. ಊಖಿಮಠ ನಮಗೆ ತೀರ ಪರಊರಲ್ಲ. ಬಾಳೆಹೊನ್ನೂರಿನ ರಂಭಾಪುರಿಯಂತೆ ವೀರಶೈವ ಪಂಚಪೀಠಗಳಲ್ಲೊಂದಾದ ಕೇದಾರ ಪೀಠದ ನೆಲೆ ಅದು. ಚಳಿಗಾಲದಲ್ಲಿ ಕೇದಾರನಾಥನಿಗೆ ಪೂಜೆ ನಡೆಯುವುದೂ ಅಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲೇ. ಅಲ್ಲಿಂದ ಸಾರಿ ಎಂಬ ಹಳ್ಳಿಗೆ ಜೀಪು, ಆಮೇಲೆ ಸುಮಾರು ಮೂರು ಕಿಲೋಮೀಟರ್ ಕಲ್ಲುಹಾಸಿನ ಏರುದಾರಿ. ಒಂದು ತಿಂಗಳ ಮೊದಲಿನಿಂದ ದಿನಾ ಸಂಜೆ ನಮ್ಮೂರ ಗುಡ್ಡದ ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದೆ. ನೀವೂ ಹಾಗೆ ಮಾಡಿ. ಮಂಡಿನೋವು, ಬಿ.ಪಿ. ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ.

ಮೂರನೆಯದು, ಊಟ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ನಮ್ಮ ಸಮುದ್ರತೀರದ ಊರುಗಳಲ್ಲಿ 100 ಡಿಗ್ರಿಗೆ ಕುದಿದರೆ ಅಲ್ಲಿ ಸುಮಾರು 92ಕ್ಕೇ. ಪಾತ್ರೆಯಲ್ಲಿಟ್ಟ ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ, ಕುಕ್ಕರಿದ್ದರೆ ಒಳ್ಳೆಯದು. ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವಂತಿಲ್ಲ, ಕಾಡಿನಲ್ಲಿ ಬೆಂಕಿ ಹಾಕುವುದೂ ತರವಲ್ಲ. ಅದಕ್ಕೇ ರಾತ್ರಿಯ ರೊಟ್ಟಿ-ದಾಲ್ ಡೇರೆಯವರಿಗೇ ಹೇಳಿ, ಉಳಿದದ್ದಕ್ಕೆ ಗೊಜ್ಜವಲಕ್ಕಿ ಪುಡಿ ಒಯ್ದೆ. ಐದು ಜನಕ್ಕೆ ಅರ್ಧ ಕಿಲೋ ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿಯಾಗಿಸಿ. ಸಾರಿನಪುಡಿ, ಒಣಕೊಬ್ಬರಿ, ಬೆಲ್ಲದ ಪುಡಿ, ಉಪ್ಪು ಸೇರಿಸಿ. ಕಡಲೆಕಾಯಿಬೀಜ, ಕರಿಬೇವು ಗರಿಗರಿಯಾಗುವ ಹಾಗೆ ಒಗ್ಗರಣೆ ಮಾಡಿ, ಆರಿದ ಮೇಲೆ ಬೆರೆಸಿ. ಹುಣಸೆರಸವನ್ನು ಗಟ್ಟಿಯಾಗಿ ಕುದಿಸಿ ಬೇರೆ ಬಾಟಲಿಯಲ್ಲಿ ಇಟ್ಟುಕೊಳ್ಳಿ. ತಿನ್ನುವ ಮುನ್ನ ಬಿಸಿನೀರಿಗೆ ಹುಳಿ ಕಲಸಿ ಸುರಿದು ಮುಚ್ಚಿಟ್ಟರೆ ಆಯಿತು, ಒಲೆಯ ಗೊಡವೆಯಿಲ್ಲ.

ನಾಲ್ಕನೆಯದು, ಮಲಗುವುದೆಲ್ಲಿ? ಬುಗ್ಯಾಲ್ ಎನ್ನುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು 2018ರಲ್ಲಿ ಉತ್ತರಾಖಂಡದ ಹೈಕೋರ್ಟ್ ನಿಷೇಧಿಸಿತು. ಜನ ಹೆಚ್ಚಾಗಿ ನೆಲ, ನೀರು ಎರಡೂ ಕೆಡುತ್ತಿದ್ದವು. ಆದ್ದರಿಂದ ಬೇಕಾದಲ್ಲಿ ಡೇರೆ ಹೊಡೆಯುವ ಯೋಚನೆ ಬಿಡಿ. ಎಲ್ಲಿಗೆ ಅನುಮತಿಯಿದೆ ಎಂದು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಗೊತ್ತುಮಾಡಿ. ಮುಂಗಡ ಕೊಡುವ ಮೊದಲು, ಕೇಳಲು ನಾವು ನಾಚುವ ಪ್ರಶ್ನೆಯನ್ನೂ ಕೇಳಿಬಿಡಿ: ಹೆಂಗಸರಿಗೆ ಪಾಯಖಾನೆ ಎಲ್ಲಿ? ರಾತ್ರಿ ಅಲ್ಲಿಗೆ ಹೋಗಲು ಟಾರ್ಚು ಬೇಕೇ ಬೇಕು. ತಿಂಗಳ ಬಟ್ಟೆ, ಪ್ಯಾಡು, ಪ್ಲಾಸ್ಟಿಕ್ಕು ಏನನ್ನೂ ಅಲ್ಲಿ ಬಿಸಾಡದೆ ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಒಂದು ದಪ್ಪ ಸ್ವೆಟರಿಗಿಂತ ಎರಡು ಮೂರು ಪದರ ಬಟ್ಟೆ ಬೆಚ್ಚಗೆ. ಕಿವಿಗೆ ಮಫ್ಲರು, ಕಾಲಿಗೆ ಉಣ್ಣೆಯ ಕಾಲುಚೀಲ ಮರೆಯಬೇಡಿ.

ಇಷ್ಟೆಲ್ಲ ತಯಾರಿಯಾದರೂ ಅರ್ಧದಾರಿಯಲ್ಲಿ ನನಗೆ ಏದುಸಿರು ಬಂತು. ಕಲ್ಲಿನ ಮೇಲೆ ಕುಳಿತು, “ನೀವೆಲ್ಲ ಹೋಗಿಬನ್ನಿ, ಚೀಲ ಕಾಯ್ತಾ ಇಲ್ಲೇ ಇರ್ತೀನಿ” ಎಂದೆ. ಬಾಯಿಂದ ಮಾತು ಹೊರಟ ಮೇಲೆ ನನಗೇ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಬಾಗಿಲಲ್ಲಿ ನಿಂತು ಆಡಿದ ಮಾತೇ ಅದು! ನಾದಿನಿ ಏನೂ ಹೇಳದೆ ಪಕ್ಕದಲ್ಲಿ ಕುಳಿತು ಕೊಡುಬಳೆ ಕೊಟ್ಟಳು. ಹತ್ತು ನಿಮಿಷ ಬಿಟ್ಟು ಎದ್ದೆ. ಹತ್ತು ಹೆಜ್ಜೆ ನಡೆದು ನಿಲ್ಲುತ್ತಾ, ಎಲ್ಲರಿಗಿಂತ ಕೊನೆಗೆ, ಆದರೂ ಮೇಲೆ ತಲುಪಿದೆ.

ಬೆಳಿಗ್ಗೆ ಗಾಳಿ ಏಳುವ ಮುಂಚೆ ಕೆರೆಗೆ ಹೋಗಬೇಕು. ನೀರು ಅಲುಗುತ್ತಿರಲಿಲ್ಲ. ಎದುರಿಗೆ 7,138 ಮೀಟರಿನ ಚೌಖಂಬಾ ಬೆಳ್ಳಗೆ ನಿಂತಿತ್ತು. ಅದೇ ಶಿಖರ ತಲೆಕೆಳಗಾಗಿ ಕೆರೆಯೊಳಗೂ ಇತ್ತು. ಯಾರೂ ಮಾತಾಡಲಿಲ್ಲ. ನನಗೆ ಅತ್ತೆಯ ನೆನಪಾಗಿ ಕಣ್ಣು ತುಂಬಿತು.

ಊರಿಗೆ ಬಂದು ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿ ಕೊನೆಗೆ, “ಕೆರೆ ನೀರು ಕುಡಿದ್ಯಾ?” ಅಂದರು.

“ಇಲ್ಲತ್ತೆ, ಕಾಯಿಸಿ ಆರಿಸಿದ ನೀರೇ ಕುಡಿದ್ವಿ.”

“ಜಾಣೆ! ಅದಕ್ಕೇ ಯಕ್ಷ ಸುಮ್ನೆ ಬಿಟ್ಟಿದಾನೆ” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಮುಂದಿನ ಸಲ ಎಲ್ಲಿಗೆ?” ಎಂದು ಕೇಳಿದರು.