ಆಯಾರದ ನೋಟ್‌ಬುಕ್ ಇರಲಿ, ಮೈಕ್ ಬೇಡ

ವೈಶಾಖ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕುಗಳಲ್ಲಿ ವಾಸ್ತುಶಾಂತಿಯ ಕಾರ್ಡುಗಳ ಸುರಿಮಳೆ. ಕಡಲಿ, ಹತ್ತಿ ಮಾರಿದ ರೊಕ್ಕ ಕೈಯಲ್ಲಿರುತ್ತದೆ. ಮಳೆ ಹಿಡಿಯುವುದರೊಳಗೆ ಹೊಸ ಮನಿ ಹೊಕ್ಕುಬಿಡಬೇಕು, ಆಷಾಢ ಬಂದರೆ ಮತ್ತೆ ಕಾಯಬೇಕು. ಪೇಪರಿನವನು ಅಂತ ನನಗೆ ಗುರುತಿಲ್ಲದ ಮನೆಗಳಿಂದಲೂ ಕರೆ ಬರುತ್ತದೆ. ಸುದ್ದಿ ಲೆಕ್ಕದಲ್ಲಿ ದುಡಿಯುವ ನನ್ನಂಥವನಿಗೆ ಒಂದೇ ವಾರದಲ್ಲಿ ಐದು ಕಾರ್ಡು ಬಂದರೆ ಮೊದಲು ನೆನಪಾಗುವುದು ಹೋಳಿಗೆಯಲ್ಲ, ಆಯಾರ.

ಆಯಾರ ಏನೆಂದು ನಿಮಗೆ ಹೇಳಬೇಕಿಲ್ಲ. ಗಂಡಸರಿಗೆ ಟವೆಲ್ಲು, ಟೊಪ್ಪಿಗಿ, ಹೆಂಗಸರಿಗೆ ಸೀರೆ, ಇಲ್ಲವೇ ಜಂಪರ್ ಪೀಸು, ಮನೆಗೆ ಪಾತ್ರೆ, ಏನೂ ತೋಚದಿದ್ದರೆ ಲಕೋಟೆ. ಬಾಗಿಲ ಹತ್ತಿರ ಒಬ್ಬ ಹುಡುಗ ನೋಟ್‌ಬುಕ್ ಹಿಡಿದು ಕೂತಿರುತ್ತಾನೆ. ಹೆಸರು, ಊರು, ಕೊಟ್ಟದ್ದು ಇಷ್ಟು ಅಂತ ಬರೆಯುತ್ತಾನೆ. ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ಹೋಗುವಾಗ ಆ ಪುಟ ತೆಗೆದು ನೋಡುತ್ತೇವೆ.

ನಮ್ಮ ಅವ್ವ ಇಟ್ಟುಕೊಂಡ ಹಳೇ ನೋಟ್‌ಬುಕ್ಕಿನಲ್ಲಿ ರೊಕ್ಕದ ಲೆಕ್ಕ ಕಡಿಮೆ. ಜೋಳ ಇಷ್ಟು ಸೇರು, ಬೆಲ್ಲ ಇಷ್ಟು ಅಂತ ಇದೆ. ಒಂದು ಕಡೆ ‘ಮಣ್ಣು ಹೇರಾಕ ಚಕ್ಕಡಿ, ಎರಡು ದಿನ’ ಅಂತ ಬರೆದಿದೆ. ಮಣ್ಣಿನ ಮಾಳಿಗೆ ಮನಿಯನ್ನು ಒಂದೇ ಕುಟುಂಬ ಕಟ್ಟಲು ಆಗುತ್ತಿರಲಿಲ್ಲ. ಇವತ್ತು ನಿನ್ನ ಮನಿಗೆ ನನ್ನ ಎತ್ತು, ನಾಳೆ ನನ್ನ ಮನಿಗೆ ನಿನ್ನ ಕೈ. ಯಾರಿಂದ ಬಂತು ಎಂಬುದು ಮರೆಯಬಾರದೆಂದು ಬರೆದಿಟ್ಟರು. ಅದಕ್ಕೇ ನಾನು ಈ ನೋಟ್‌ಬುಕ್ಕನ್ನು ಬೈಯುವವನಲ್ಲ.

ಆದರೆ ಇದಕ್ಕೆ ನಮ್ಮಲ್ಲಿ ಇನ್ನೊಂದು ಹೆಸರಿದೆ: ಮುಯ್ಯಿ. ಕೊಟ್ಟಿದ್ದನ್ನು ತಿರುಗಿ ಕೊಡುವುದೂ ಮುಯ್ಯಿಯೇ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿಯೇ. ಈಗಿನ ಕಾರ್ಯಗಳಲ್ಲಿ ಎರಡನೇ ಅರ್ಥವೇ ಹೆಚ್ಚು ಕಾಣುತ್ತಿದೆ. ಅದಕ್ಕೆ ಕಾರಣ ಮೈಕ್. ಪೆಂಡಾಲಿನಲ್ಲಿ ಊಟಕ್ಕೆ ಕೂತವರಿಗೆಲ್ಲ ಕೇಳುವಂತೆ ಇಂಥವರಿಂದ ಐದು ನೂರಾ ಒಂದು, ಇಂಥವರಿಂದ ಎರಡು ಸಾವಿರದ ಒಂದು ಅಂತ ಕೂಗುತ್ತಾರೆ.

ನಮ್ಮ ಸೋದರಮಾವನ ಮನಿ ಶಾಂತಿಗೆ ಚಿಗವ್ವ ಬರಲಿಲ್ಲ. ಆ ಮನಿಯ ಮಗಳು ಆಕೆ. ಕಳಸ ಹಿಡಿದು ಮುಂದೆ ಹೋಗಬೇಕಾದವಳು. ಆ ವರ್ಷ ಅವರ ಹೆಸರುಕಾಳಿನ ಬೆಳೆ ರಾಶಿ ಹೊತ್ತಿಗೆ ಮಳೆಗೆ ಸಿಕ್ಕಿ ಕೆಟ್ಟಿತ್ತು. ಅವ್ವ ಫೋನ್ ಮಾಡಿದರೆ, “ಬರಬೇಕಂತ ಮನಸೈತಿ ಯವ್ವಾ, ಬರಿಗೈಲೆ ಹೆಂಗ ಬರ್ಲಿ? ಮೈಕಿನ್ಯಾಗ ಕೂಗ್ತಾರ” ಅಂದಳು. ಮಾವನಿಗೆ ಬೇಕಿದ್ದುದು ತಂಗಿ, ತಂಗಿಯ ಲಕೋಟೆ ಅಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಬರದೇ ಉಳಿಯುವವರು ಕೆಲವರು, ಸಾಲ ಮಾಡಿ ಬರುವವರು ಬಹಳ. ಹೊಸ ಮನಿಯ ಸೊಸೆಯ ತವರಿನವರು ಮನಿ ಮಂದಿಗೆಲ್ಲ ಅರಿವಿ ತರಬೇಕು, ಮೇಲೆ ಪಾತ್ರೆ. ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ಆಗ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಮಾತಾಡಿಸಿದಾಗ ವಾರದ ಕಂತಿನ ಸಾಲ ಯಾಕೆ ತೆಗೆದಿರಿ ಅಂತ ಕೇಳಿದ್ದೆ. ಬೀಜ, ದವಾಖಾನೆ, ಸಾಲಿ ಫೀ ಜೊತೆಗೆ ‘ತಂಗಿ ಮನಿಗೆ ಆಯಾರ’ ಎಂಬ ಉತ್ತರವೂ ಬಂತು.

ಇಷ್ಟಾಗಿ ಕೊಟ್ಟ ವಸ್ತು ಉಪಯೋಗಕ್ಕೆ ಬರುತ್ತದೆಯೇ? ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಗೆ ನಮ್ಮಂಥ ಬಯಲು ಸೀಮೆಯಲ್ಲಿ ನೆರವು 1.20 ಲಕ್ಷ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಅಂಥ ಎರಡು ಖೋಲಿಯ ಮನೆಗೆ ಆರು ಗೋಡೆ ಗಡಿಯಾರ ಬಂದದ್ದನ್ನು ನಾನೇ ನೋಡಿದ್ದೇನೆ. ಕಿಟಕಿಗೆ ಬಾಗಿಲು ಕೂಡಿಸಲು ರೊಕ್ಕ ಇರಲಿಲ್ಲ, ಗಡಿಯಾರ ಮಾತ್ರ ಆರು.

ಅಮೆರಿಕದ ಶಿಕಾಗೋ ನಗರದಲ್ಲಿ ಮಾರ್ಷಲ್ ಫೀಲ್ಡ್ ಎಂಬ ದೊಡ್ಡ ಅಂಗಡಿಯವರು 1924ರಲ್ಲಿ ಒಂದು ಪಟ್ಟಿ ಶುರು ಮಾಡಿದರು. ಮದುವೆಯಾಗುವವರು ತಮಗೆ ಏನು ಬೇಕೆಂದು ಮೊದಲೇ ಬರೆಸುತ್ತಾರೆ, ಬಂಧುಗಳು ಅದರಲ್ಲೊಂದನ್ನು ಕೊಡುತ್ತಾರೆ. ಅವರದು ಬೇಕಾದದ್ದರ ಪಟ್ಟಿ, ನಮ್ಮದು ಬಂದದ್ದರ ಪಟ್ಟಿ. ಬೇಡುವುದು ನಮ್ಮ ಮಂದಿಗೆ ನಾಚಿಕೆ. ಆದರೆ ಹತ್ತಿರದವರು ಕೇಳುವುದಕ್ಕೆ ಏನು ನಾಚಿಕೆ? “ಏನು ಕಡಿಮಿ ಐತಿ ಹೇಳು ತಮ್ಮಾ, ನಾವು ನಾಕು ಮಂದಿ ಕೂಡಿ ಅದನ್ನ ತರ್ತೀವಿ” ಅಂದರೆ ನಾಲ್ಕು ಗಡಿಯಾರದ ಬದಲು ಒಂದು ಕಿಟಕಿ ಬಾಗಿಲು ಬರುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಭಾಗದ ಮನೆಗಳಿಗೆ ನೀರು ಹೊಕ್ಕಿತ್ತು. ಆಗ ಎಷ್ಟೋ ಊರಿನವರು ರೊಟ್ಟಿ, ಚಟ್ನಿ ಕಟ್ಟಿಕೊಂಡು ಬಂದರು. ಯಾರು ಎಷ್ಟು ರೊಟ್ಟಿ ಕೊಟ್ಟರೆಂದು ಯಾರೂ ಮೈಕಿನಲ್ಲಿ ಕೂಗಲಿಲ್ಲ. ಏನು ಬೇಕೆಂದು ನೋಡಿ ಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ಮನಿ ಕಟ್ಟಿಸಿದವರಿಗೆ ನನ್ನದು ಮೂರು ಮಾತು. ಪೂಜೆ ಇರಲಿ, ಕುರಾನ್ ಓದಿಸುವುದಿರಲಿ, ಆಯಾರದ ಮೈಕ್ ಬೇಡ. ನೋಟ್‌ಬುಕ್ ಬೇಕಾದರೆ ಒಳಗಿನ ಖೋಲಿಯಲ್ಲಿರಲಿ. ‘ಆಶೀರ್ವಾದವೇ ಉಡುಗೊರೆ’ ಅಂತ ಕಾರ್ಡಿನಲ್ಲಿ ಹಾಕಿಸಿದರೆ ಸಾಲದು, ಕೈ ಸಣ್ಣದಿರುವ ಬಂಧುಗಳಿಗೆ ಫೋನ್ ಮಾಡಿ ‘ನೀನು ಬಂದ್ರ ಸಾಕು’ ಅಂತ ಬಾಯಿಂದ ಹೇಳಿ. ಗೌಂಡಿ, ಬಡಿಗೇರರಿಗೆ ಅರಿವಿ ಕೊಡುವ ಪದ್ಧತಿಯನ್ನು ಮಾತ್ರ ಬಿಡಬೇಡಿ.

ಹೋಗುವವರಿಗೆ ಒಂದೇ ಮಾತು. ಕೈಲಿ ಇಲ್ಲದಿದ್ದರೆ ಹಿಂದಿನ ದಿನವೇ ಹೋಗಿ. ಅಕ್ಕಿ ಆರಿಸುವುದು, ಬದನೆಕಾಯಿ ಹೆಚ್ಚುವುದು, ನೀರು ತುಂಬುವುದು, ಕೆಲಸ ಬೇಕಾದಷ್ಟಿರುತ್ತದೆ. ಅವ್ವನ ನೋಟ್‌ಬುಕ್ಕಿನಲ್ಲಿ ಎರಡು ದಿನದ ಚಕ್ಕಡಿಗೆ ಜಾಗ ಸಿಕ್ಕಿತ್ತು. ನಿಮ್ಮ ಒಂದು ದಿನದ ದುಡಿಮೆಗೂ ಒಂದು ಸಾಲು ಸಿಗುತ್ತದೆ.