ಅಟ್ಟದ ಮೇಲಿನ ನೆಂಟ

ಇವತ್ತು ನಮ್ಮ ಅಪ್ಲಿಕೇಶನ್ ಏಳುವುದಕ್ಕೇ ಒಪ್ಪಲಿಲ್ಲ. ನನಗೋ ಒಳಗೊಳಗೇ ಖುಷಿ. ಯಾರೋ, ಸರ್ವರ್ ನಿಲ್ಲುವ ತನಕ ಬದುಕುವ ಒಂದು ಸಿಂಗಲ್‌ಟನ್‌ನ ಕನ್‌ಸ್ಟ್ರಕ್ಟರಿಗೆ ಒಂದು ರಿಕ್ವೆಸ್ಟಿನಷ್ಟೇ ಆಯುಷ್ಯದ ಸ್ಕೋಪ್ಡ್ ಡಿಬಿಕಾಂಟೆಕ್ಸ್ಟ್ (ಡೇಟಾಬೇಸ್ ಜೊತೆ ವ್ಯವಹರಿಸುವ ಆಬ್ಜೆಕ್ಟು) ತುರುಕಿದ್ದರು. ಎಎಸ್‌ಪಿ ಡಾಟ್ ನೆಟ್ ಕೋರ್‌ನ ಕಂಟೈನರ್ (ಆಬ್ಜೆಕ್ಟುಗಳನ್ನು ಕಟ್ಟಿಕೊಡುವ ಭಾಗ) ಹೊಸ್ತಿಲಲ್ಲೇ ಅಡ್ಡ ನಿಂತು ಬೈದು ಕಳಿಸಿತು.

ಊಟಕ್ಕೆ ಬಂದ ನೆಂಟನನ್ನು ಅಟ್ಟದ ಮೇಲೆ ಕೂಡಿಹಾಕುವ ಕೆಲಸ ಇದು. ಒಂದು ರಿಕ್ವೆಸ್ಟ್ ಮುಗಿದಾಗ ಹೊರಡಬೇಕಾದ ಕಾಂಟೆಕ್ಸ್ಟ್ ಸರ್ವರ್ ನಿಲ್ಲುವ ತನಕ ಅಲ್ಲೇ ಕೊಳೆಯುತ್ತದೆ, ಒಮ್ಮೆ ಟ್ರ್ಯಾಕ್ ಮಾಡಿದ ಹಳೇ ದಾಖಲೆಯನ್ನೇ ಮತ್ತೆಮತ್ತೆ ಕೊಡುತ್ತದೆ, ಎರಡು ರಿಕ್ವೆಸ್ಟುಗಳು ಒಟ್ಟಿಗೇ ಮುಟ್ಟಿದರೆ ಕಿರುಚುತ್ತದೆ. ಡಿಪೆಂಡೆನ್ಸಿ ಇಂಜೆಕ್ಷನ್ ಬಗ್ಗೆ ಬರೆಯುವ ಮಾರ್ಕ್ ಸೀಮನ್ 2014ರಲ್ಲೇ ಇದಕ್ಕೆ ‘ಕ್ಯಾಪ್ಟಿವ್ ಡಿಪೆಂಡೆನ್ಸಿ’ ಎಂದು ಹೆಸರಿಟ್ಟು ಎಚ್ಚರಿಸಿದ್ದರು.

ನನ್ನ ಜಗಳ ಇರುವುದು ಟ್ರಾನ್ಸಿಯೆಂಟ್ ಪಂಥದವರ ಜೊತೆ, ಅಂದರೆ ಕೇಳಿದಾಗಲೆಲ್ಲ ಹೊಸ ಆಬ್ಜೆಕ್ಟು ಕೊಡುವ ನೋಂದಣಿಯೇ ಮದ್ದು ಅನ್ನುವವರ ಜೊತೆ. ‘ಎರರ್ ಬಂತಾ? ಟ್ರಾನ್ಸಿಯೆಂಟ್ ಮಾಡಿಬಿಡಿ, ಸೇಫು’ ಅನ್ನುತ್ತಾರೆ. ಎರರ್ ಹೋಗುತ್ತದೆ, ನಿಜ. ಸಿಂಗಲ್‌ಟನ್ ಒಳಗಿನ ಟ್ರಾನ್ಸಿಯೆಂಟನ್ನು ಕಂಟೈನರಿನ ಆ ತಪಾಸಣೆ ಹಿಡಿಯುವುದೇ ಇಲ್ಲವಲ್ಲ! ಆಬ್ಜೆಕ್ಟು ಎಷ್ಟು ಹೊತ್ತು ಬದುಕುತ್ತದೆ ಅನ್ನುವುದು ಅದನ್ನು ಹಿಡಿದುಕೊಂಡವರ ಕೈಯಲ್ಲಿದೆ, ನೋಂದಣಿಯ ಸಾಲಿನಲ್ಲಲ್ಲ. ಅದು ಡಿಸ್ಪೋಸಬಲ್ ಆಗಿದ್ದು, ಯಾವ ಸ್ಕೋಪಿಗೂ ಸೇರದ ರೂಟ್ ಪ್ರೊವೈಡರ್‌ನಿಂದ ಮತ್ತೆಮತ್ತೆ ಬಂದಿದ್ದರಂತೂ ಕಂಟೈನರೇ ಕೊನೆಯವರೆಗೂ ಬಿಡದೆ ಇಟ್ಟುಕೊಳ್ಳುತ್ತದೆ. ಮೆಮೊರಿ ಏರುತ್ತದೆ, ಈ ಮಹಾಶಯರು ರ‍್ಯಾಮ್ ಕೇಳುತ್ತಾರೆ. ಇನ್ನು ಕೆಲವರು ಆ ತಪಾಸಣೆಯ ಸ್ವಿಚ್ಚಾದ ವ್ಯಾಲಿಡೇಟ್‌ಸ್ಕೋಪ್ಸ್ ಅನ್ನೇ ಫಾಲ್ಸ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ತಾನಾಗಿ ಅದು ಚಾಲೂ ಇರುವುದೇ ಡೆವಲಪ್‌ಮೆಂಟ್‌ನಲ್ಲಿ ಮಾತ್ರ. ಅಲ್ಲೂ ಅದರ ಬಾಯಿ ಮುಚ್ಚಿಸುವವರಿಗೆ ಏನು ಹೇಳಲಿ! ರಿವ್ಯೂನಲ್ಲಿ ಆ ಸಾಲು ಕಂಡರೆ ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಬ್ಯಾಕ್‌ಗ್ರೌಂಡ್ ಸರ್ವಿಸ್ ಬರೆಯುವಾಗ ರಿಕ್ವೆಸ್ಟೇ ಇರುವುದಿಲ್ಲ, ಅಲ್ಲಿ ನನ್ನ ಪ್ರೀತಿಯ ಪಟ್ಟು ಹೊಸ ಸ್ಕೋಪ್ ಹುಟ್ಟಿಸುವ ಸ್ಕೋಪ್‌ಫ್ಯಾಕ್ಟರಿ. ಕ್ಯೂನಿಂದ ಮೆಸೇಜ್ ಬಂದೊಡನೆ ಹೊಸ ಸ್ಕೋಪ್, ಕೆಲಸ ಮುಗಿದೊಡನೆ ಡಿಸ್ಪೋಸ್. ಕ್ರಿಯೇಟ್‌ಸ್ಕೋಪ್ ಲೂಪಿನ ಒಳಗಿರಬೇಕು, ಹೊರಗಲ್ಲ. ಹೊರಗಿಟ್ಟರೆ ಇಡೀ ಸರ್ವಿಸ್‌ಗೆ ಒಂದೇ ಸ್ಕೋಪ್ ಆಗಿ, ಅದೂ ಸಿಂಗಲ್‌ಟನ್ನಿನ ತಮ್ಮನಾಗುತ್ತದೆ. ಆ ಒಂದು ಸಾಲು ಸರಿಯಾದ ಜಾಗಕ್ಕೆ ಬಂದು ಕೂತಾಗಿನ ಸುಖ ಮನೆಯವರಿಗೆ ವಿವರಿಸಲಾಗದ್ದು.

ಜಾವಾ ಕಡೆಯ ಸ್ಪ್ರಿಂಗ್‌ನ ದಾರಿಯೇ ಬೇರೆ. ಸಿಂಗಲ್‌ಟನ್ ಕೈಗೆ ಅದು, ಪ್ರಾಕ್ಸಿ ಮೋಡ್ ಹೊಂದಿಸಿದ್ದರೆ, ಅಸಲಿ ಆಬ್ಜೆಕ್ಟನ್ನು ಕೊಡುವುದೇ ಇಲ್ಲ, ಸ್ಕೋಪ್ಡ್ ಪ್ರಾಕ್ಸಿ ಕೊಡುತ್ತದೆ. ಪ್ರತಿ ಸಲ ಕರೆದಾಗಲೂ ಅದು ಆಯಾ ರಿಕ್ವೆಸ್ಟಿನ ಅಸಲಿಯನ್ನು ಹುಡುಕಿ ಕೆಲಸ ಒಪ್ಪಿಸುತ್ತದೆ. ಚಮತ್ಕಾರ, ಒಪ್ಪಿದೆ. ಆದರೆ ನಡುರಾತ್ರಿ ಓಡುವ ಶೆಡ್ಯೂಲ್ಡ್ ಜಾಬ್ ಅದನ್ನು ಮುಟ್ಟಲಿ ನೋಡೋಣ: ರಿಕ್ವೆಸ್ಟೇ ಇಲ್ಲ ಅಂತ ಎಕ್ಸೆಪ್ಶನ್ ಎಸೆಯುತ್ತದೆ. ಪ್ರಾಕ್ಸಿಯನ್ನು ಹಾಡಿ ಹೊಗಳುವ ಸ್ಪ್ರಿಂಗ್ ಗೆಳೆಯರು ಆ ಸ್ಟ್ಯಾಕ್ ಟ್ರೇಸ್ ಓದುವ ಹೊತ್ತಿಗೆ ಮಾತ್ರ ಫೋನ್ ಎತ್ತುವುದಿಲ್ಲ.