ನೀರು, ಪಚ್ಚೆ ಮತ್ತು ಎದುರಿನ ಗುಡ್ಡೆ

ನಮ್ಮ ಊರಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಆಕಾಶದಿಂದ ನೀರು ಬೀಳುತ್ತದೆ. ಉಳಿದ ಎಂಟು ತಿಂಗಳು ಆ ನೀರಿನ ಲೆಕ್ಕ ಹೇಳುವುದರಲ್ಲೇ ಹೋಗುತ್ತದೆ. ಸುರಂಗದಲ್ಲಿ ಎಷ್ಟು ಬರುತ್ತಿದೆ, ಕೆರೆಯಲ್ಲಿ ಎಷ್ಟು ಉಳಿದಿದೆ, ಕಂಗಿನ ತೋಟಕ್ಕೆ ಇನ್ನೆಷ್ಟು ದಿನ ಸಾಕಾದೀತು! ಇಂಥ ಕಾಸರಗೋಡಿನವರಿಗೆ ನೀರಿನಿಂದಲೇ ಚಿತ್ರ ಬರೆಯುವ ವಿದ್ಯೆ ಬೇಗ ಕೈಗೆ ಹತ್ತಬೇಕು. ಆದರೆ ಜಲವರ್ಣ ಅಂದ ಕೂಡಲೇ ಹೆಚ್ಚಿನವರು, "ಅದು ಕಷ್ಟ ಮಾಷ್ಟ್ರೇ, ಹರಡಿ ಹೋಗ್ತದೆ" ಎನ್ನುತ್ತಾರೆ. ಹರಡಿ ಹೋಗುವುದೇ ಅದರ ಗುಣ, ಅದಕ್ಕೇ ಅದು ನಮ್ಮ ಊರಿಗೆ ತಕ್ಕ ಬಣ್ಣ ಅಂತ ಹೇಳುವುದಕ್ಕೆ ಈ ಬರಹ.

ಕೆಲಸದಿಂದ ನಿವೃತ್ತನಾದ ಮೇಲೆ ಭಾನುವಾರ ಬೆಳಗ್ಗೆ ವಾಚನಾಲಯದ ಜಗಲಿಯಲ್ಲಿ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಬಣ್ಣ ಹಚ್ಚಿಸುತ್ತೇನೆ. "ನಿಮಗೆ ಬೇಕಾದ ಚಿತ್ರ ಬರೀರಿ" ಅಂದರೆ ಮೊದಲ ದಿನ ಎಲ್ಲರದ್ದೂ ಒಂದೇ ಚಿತ್ರ. ಎರಡು ಮೂರು ಚೂಪು ಬೆಟ್ಟ, ಮಧ್ಯೆ ಸೂರ್ಯ, ಕೆಳಗೆ ಹಾವಿನ ಹಾಗೆ ಒಂದು ಹೊಳೆ, ಬದಿಯಲ್ಲಿ ಒಂದು ಗುಡಿಸಲು. ಅಂಥ ಚೂಪು ಬೆಟ್ಟ ನಮ್ಮ ಕಡೆ ಎಲ್ಲಿದೆ? ನಮ್ಮದು ಮೇಲೆ ಚಪ್ಪಟೆಯಾದ ಮುರಕಲ್ಲಿನ ಗುಡ್ಡೆ. ಬದಿಯಲ್ಲಿ ಗೇರು ಮರ, ಕೆಳಗೆ ಬೈಲು, ಬೈಲಿನಲ್ಲಿ ಕಂಗು, ಬಾಳೆ, ತೋಡಿನ ಬದಿಯಲ್ಲಿ ಕೆಸು. ಅದನ್ನು ಯಾಕೆ ಬರೆಯಲಿಲ್ಲ ಅಂತ ಕೇಳಿದರೆ ಒಬ್ಬಳು ಹೇಳಿದಳು, "ಅದು ಚಿತ್ರ ಅಲ್ಲ ಸರ್, ಅದು ನಮ್ಮ ಮನೆ ಹತ್ರ." ಮನೆಯ ಹತ್ತಿರ ಇರುವುದು ಚಿತ್ರಕ್ಕೆ ಯೋಗ್ಯವಲ್ಲ ಎನ್ನುವ ಪಾಠವನ್ನು ಈ ಮಕ್ಕಳಿಗೆ ಯಾರೂ ಬಾಯಿಬಿಟ್ಟು ಕಲಿಸಿಲ್ಲ. ಆದರೂ ಕಲಿತುಬಿಟ್ಟಿದ್ದಾರೆ.

ಮಲೆಯಾಳದ ಗಿಡಮರಗಳ ಚಿತ್ರಕ್ಕೆ ಲೋಕವೇ ಬೆರಗಾದ ಕಾಲವೊಂದಿತ್ತು. ಡಚ್ಚರ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರ ವರೆಗೆ 12 ಸಂಪುಟಗಳಾಗಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಮೊದಲು ಬರುವುದೇ ತೆಂಗು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಆ ಚಿತ್ರಗಳಲ್ಲಿ ಎಲೆಯ ನರ, ಕಾಯಿಯ ಒಳಗು ಎಲ್ಲ ಸ್ಪಷ್ಟ. ಮದ್ದಿನ ಗಿಡ ಗುರುತು ಹಿಡಿಯಬೇಕಾದವನಿಗೆ ಅಂಥ ಚಿತ್ರವೇ ಬೇಕು. ಆದರೆ ಗಾಳಿ ಬೀಸುವಾಗ ಮಡಲು ಹೇಗೆ ಮಗುಚುತ್ತದೆ, ಮಳೆ ಬಿಟ್ಟ ಹೊತ್ತಿನಲ್ಲಿ ತೋಟದೊಳಗೆ ಬೆಳಕು ಹೇಗೆ ಇಳಿಯುತ್ತದೆ ಅನ್ನುವುದು ಕೊರೆದ ಗೀಟಿಗೆ ಸಿಕ್ಕುವುದು ಕಷ್ಟ. ಅಲ್ಲಿಗೆ ನೀರುಬಣ್ಣ ಬೇಕು.

ಅಮೆರಿಕದ ಚಿತ್ರಕಾರ ವಿನ್‌ಸ್ಲೋ ಹೋಮರ್ (1836–1910) ಚಳಿ ದೇಶದವನು. 1884ರ ಕೊನೆಗೆ ಬಹಾಮಾ ದ್ವೀಪಕ್ಕೆ ಹೋದ. ಮತ್ತೆ 1898ರಲ್ಲಿ ಅಲ್ಲಿಗೆ ಹೋದಾಗ ಗಾಳಿಗೆ ಬಾಗಿದ ತೆಂಗಿನ ಮರಗಳನ್ನು ಜಲವರ್ಣದಲ್ಲಿ ಬರೆದ. ಒಂದೊಂದು ಗರಿಯನ್ನೂ ಲೆಕ್ಕ ಹಾಕಿ ಬರೆದವನಲ್ಲ. ಕುಂಚದ ನಾಲ್ಕಾರು ಎಳೆತದಲ್ಲಿ ಮರವೂ ಇದೆ, ಗಾಳಿಯೂ ಇದೆ. ಬಿಸಿಲಿಗೆ ಹೊಳೆಯುವ ಬಿಳಿ ಗೋಡೆಗೆ ಬಿಳಿ ಬಣ್ಣ ಹಚ್ಚುವ ಬದಲು ಕಾಗದವನ್ನೇ ಖಾಲಿ ಬಿಟ್ಟ. ದೂರದಿಂದ ಬಂದವನಿಗೆ ಅದೆಲ್ಲ ಹೊಸತು, ಹಾಗಾಗಿ ಕಣ್ಣು ತೆರೆದು ನೋಡಿದ. ದಿನಾ ನೋಡುವ ನಮಗೆ ನೋಡಿ ನೋಡಿ ಕಾಣದ ಹಾಗಾಗಿದೆ.

ಇನ್ನು ಕೆಲಸದ ಮಾತು. ಜಲವರ್ಣ ಅಂದರೆ ನುಣ್ಣಗೆ ಅರೆದ ಬಣ್ಣದ ಹುಡಿಯನ್ನು ಜಾಲಿ ಜಾತಿಯ ಮರದ ಅಂಟಿನಲ್ಲಿ ಕಲಸಿದ್ದು, ಅಷ್ಟೇ. ಅದರಲ್ಲಿರುವ ಕೆಲವು ಬಣ್ಣಗಳು ನಮಗೆ ನೆಂಟರೇ. ಬಿಲ್ಲೆಗಳ ನಡುವೆ ಇರುವ ಕೆಂಗಂದು ಬಣ್ಣಕ್ಕೆ ಕಬ್ಬಿಣದ ಅಂಶವೇ ಕಾರಣ. ನಮ್ಮ ಮುರಕಲ್ಲು ಕೆಂಪಾಗಿರುವುದೂ ಅದರಿಂದಲೇ. 'ಗ್ಯಾಂಬೋಜ್' ಎನ್ನುವ ಹಳದಿಯನ್ನು ಹಿಂದೆ ಒಂದು ಮರದ ಅಂಟಿನಿಂದ ತೆಗೆಯುತ್ತಿದ್ದರು. ಆ ಮರ ನಮ್ಮ ಪುನರ್ಪುಳಿಯ ಕುಲದ್ದು.

ಸುರು ಮಾಡುವವರಿಗೆ ದೊಡ್ಡ ಪೆಟ್ಟಿಗೆ ಬೇಡ. ಎರಡು ಹಳದಿ (ಒಂದು ಲಿಂಬೆಯದ್ದು, ಒಂದು ಗಾಢ), ಒಂದು ನೀಲಿ, ಒಂದು ಕೆಂಪು, ಒಂದು ಕೆಂಗಂದು. ಐದು ಬಣ್ಣ ಸಾಕು. ಕುಂಚ ಎರಡು: 12ನೇ ನಂಬರಿನ ದಪ್ಪ ಉರುಟು ಕುಂಚ ಒಂದು, 6ನೇ ನಂಬರಿನದ್ದು ಒಂದು. ಸಣ್ಣ ಕುಂಚ ಕೈಗೆ ಸಿಕ್ಕಿದರೆ ಮಕ್ಕಳು ಎಲೆಯ ಅಂಚನ್ನೇ ತಿದ್ದುತ್ತಾ ಕೂರುತ್ತಾರೆ, ಚಿತ್ರ ಬಿಗಿದುಕೊಳ್ಳುತ್ತದೆ. ಕಾಗದ ಮಾತ್ರ ದಪ್ಪ ಬೇಕು. 300 ಜಿಎಸ್‌ಎಂ ಅಂತ ಕೇಳಿ ತನ್ನಿ. ತೆಳು ಕಾಗದ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ. ಒಂದು ದೊಡ್ಡ ಹಾಳೆಯನ್ನು ನಾಲ್ಕೋ ಎಂಟೋ ತುಂಡು ಮಾಡಿಕೊಂಡರೆ ಖರ್ಚು ತಡೆಯುತ್ತದೆ. ಬಣ್ಣ ಕಲಸಲು ಬಿಳಿ ಪಿಂಗಾಣಿ ಬಟ್ಟಲು, ಇಲ್ಲವಾದರೆ ಮನೆ ಕಟ್ಟಿ ಉಳಿದ ಬಿಳಿ ಟೈಲ್ಸಿನ ತುಂಡು. ಅಡಿಕೆ ಹಾಳೆಯ ತಟ್ಟೆ ಬೇಡ. ಅದು ಬಣ್ಣ ಕುಡಿಯುತ್ತದೆ, ಅದರ ಕಂದು ಮೈಮೇಲೆ ಯಾವ ಬಣ್ಣವೂ ಸರಿಯಾಗಿ ತಿಳಿಯುವುದಿಲ್ಲ. ನೀರಿಗೆ ಎರಡು ಚೆಂಬು, ಒಂದರಲ್ಲಿ ತೊಳೆಯಲಿಕ್ಕೆ, ಒಂದರಲ್ಲಿ ಶುದ್ಧ ನೀರು. ಹಳೇ ಪಂಚೆಯ ತುಂಡು ಒಂದು.

ಮೊದಲ ಪಾಠ ಪಚ್ಚೆಯದ್ದು. ಹಸಿರಿಗೆ ಪಚ್ಚೆ ಅಂತ ತುಳುವಿನಲ್ಲೂ ಹೇಳುತ್ತಾರೆ, ಮಲೆಯಾಳದಲ್ಲೂ ಹೇಳುತ್ತಾರೆ, ಕನ್ನಡದಲ್ಲೂ ಇದೆ. ಹೆಸರು ಒಂದು, ಬಣ್ಣ ಮಾತ್ರ ನೂರು. ಪೆಟ್ಟಿಗೆಯಲ್ಲಿ ತಯಾರಾಗಿ ಬರುವ ಹಸಿರು ಪ್ಲಾಸ್ಟಿಕ್ ಕುರ್ಚಿಯ ಹಸಿರು, ಅದು ನಮ್ಮ ತೋಟದ್ದಲ್ಲ. ಲಿಂಬೆ ಹಳದಿಗೆ ಚೂರು ನೀಲಿ ಸೇರಿಸಿದರೆ ಸುರುಳಿ ಬಿಚ್ಚುವ ಬಾಳೆಯ ಎಳೆ ಎಲೆ. ಗಾಢ ಹಳದಿಗೆ ನೀಲಿ ಸೇರಿಸಿದರೆ ಮಂಕಾದ ಹಲಸಿನೆಲೆಯ ಹಸಿರು. ಅದಕ್ಕೇ ಚೂರು ಕೆಂಗಂದು ಬಿದ್ದರೆ ಬಾಡಿದ ಸೋಗೆ. ನೀಲಿ ಮತ್ತು ಕೆಂಗಂದು ಎರಡನ್ನೇ ದಪ್ಪಗೆ ಕಲಸಿದರೆ ತೋಟದೊಳಗಿನ ಕತ್ತಲು. ಕಪ್ಪು ಬಣ್ಣ ಬೇಡವೇ ಬೇಡ. ಮಕ್ಕಳಿಗೆ ಮೊದಲು ಹತ್ತು ಪಚ್ಚೆ ಮಾಡಿಸುತ್ತೇನೆ, ಪ್ರತಿಯೊಂದಕ್ಕೂ ಅವರೇ ಒಂದು ಹೆಸರು ಇಡಬೇಕು. 'ಕೆರೆ ಪಾಚಿ', 'ಗಿಳಿ', 'ಕೆಸುವಿನ ಬೆನ್ನು', 'ಹಸಿ ಅಡಿಕೆ' ಅಂತೆಲ್ಲ ಬರೆದರು. ಶಾಲೆಯ ಪರೀಕ್ಷೆಗೆ ಬೇಕಾಗದ ಕನ್ನಡ ಅದು. ಬಾಯಿಯಲ್ಲಿ ಉಳಿಯಬೇಕಾದ ಕನ್ನಡವೂ ಅದೇ.

ಎರಡನೇ ಪಾಠ ನೀರಿನದ್ದು. ಕಾಗದವನ್ನು ಹಲಗೆಗೆ ಅಂಟಿಸಿ, ಹಲಗೆಯ ಮೇಲ್ಬದಿಗೆ ಒಂದು ಪುಸ್ತಕ ಇಟ್ಟು ಸ್ವಲ್ಪ ಎತ್ತರ ಮಾಡಿ. ಪೆನ್ಸಿಲಿನ ಗೀಟು ನಾಲ್ಕೈದು ಸಾಕು. ರಬ್ಬರು ಉಜ್ಜಬೇಡಿ, ಕಾಗದದ ಮೈ ಏಳುತ್ತದೆ. ಈಗ ಶುದ್ಧ ನೀರಿನಿಂದ ಕಾಗದ ಪೂರ್ತಿ ಒದ್ದೆ ಮಾಡಿ. ಅದು ಮಿರಮಿರ ಮಿಂಚುವಾಗ ಮೇಲೆ ನೀಲಿಗೆ ಚೂರು ಕೆಂಗಂದು ಬೆರೆಸಿದ ಮೋಡದ ಬಣ್ಣ ಬಿಡಿ, ಕೆಳಗೆ ತೆಳು ಪಚ್ಚೆ ಬಿಡಿ. ಎರಡೂ ತಾವೇ ಹೋಗಿ ಕೂಡುತ್ತವೆ. ದೂರದ ಮಳೆ, ದೂರದ ಗುಡ್ಡೆ ಎರಡೂ ಆಯಿತು. ಕಾಗದದ ಮಿಂಚು ಆರಿದ ಕೂಡಲೇ ಕೈ ತೆಗೆಯಬೇಕು. ಅರ್ಧ ಒಣಗಿದ ಬಣ್ಣಕ್ಕೆ ಮತ್ತೆ ನೀರು ಬಿದ್ದರೆ ಹೂಕೋಸಿನ ಹಾಗೆ ಕಲೆ ಅರಳುತ್ತದೆ. ಜಲವರ್ಣದಲ್ಲಿ ಕಾಯುವುದಕ್ಕೂ ಒಂದು ಹೊತ್ತಿದೆ, ಹಚ್ಚುವುದಕ್ಕೂ ಒಂದು ಹೊತ್ತಿದೆ. ಗದ್ದೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ವಿಷಯ, ಒಣಗಿದ ಮೇಲೆ ಬಣ್ಣ ತೆಳುವಾಗುತ್ತದೆ. ಹಾಗಾಗಿ ಒದ್ದೆ ಇರುವಾಗ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುವಷ್ಟೇ ಹಚ್ಚಬೇಕು.

ಆಷಾಢದಲ್ಲಿ ಕಾಗದ ಒಣಗಲು ಗಂಟೆಗಟ್ಟಲೆ ಬೇಕು. ಅದಕ್ಕೆ ಒಬ್ಬೊಬ್ಬರು ಎರಡೆರಡು ಚಿತ್ರ ಇಟ್ಟುಕೊಳ್ಳುವುದು. ಒಂದು ಒಣಗುವಾಗ ಇನ್ನೊಂದು. ಮಾರ್ಚ್, ಏಪ್ರಿಲಿನಲ್ಲಿ ತದ್ವಿರುದ್ಧ, ಕುಂಚ ಎತ್ತುವುದರೊಳಗೆ ಒಣಗಿರುತ್ತದೆ. ಆಗ ಕಾಗದದ ಎರಡೂ ಬದಿ ಒದ್ದೆ ಮಾಡಿಕೊಂಡು, ಬಿಸಿಲೇರುವ ಮೊದಲೇ ಮುಗಿಸುವುದು. ಮಳೆಗಾಲದಲ್ಲಿ ಬಣ್ಣದ ಬಿಲ್ಲೆ ಒಣಗದೆ ಡಬ್ಬದ ಮುಚ್ಚಳ ಹಾಕಿದರೆ ಬೂಸರು ಬರುವುದು ಖಂಡಿತ.

ಮೂರನೇ ಪಾಠ ಎಲೆಯದ್ದು. ದಪ್ಪ ಕುಂಚಕ್ಕೆ ತುಂಬ ಬಣ್ಣ ತೆಗೆದುಕೊಂಡು, ತುದಿ ಊರಿ, ಹೊಟ್ಟೆ ಒತ್ತಿ, ಎಳೆದು, ಎತ್ತಿ. ಬಾಳೆಲೆಯ ಅರ್ಧ ಆಯಿತು. ನಡುವಿನ ದಂಟಿಗೆ ಕೂದಲೆಳೆಯಷ್ಟು ಬಿಳಿ ಬಿಟ್ಟು ಇನ್ನರ್ಧ ಎಳೆಯಿರಿ. ಒದ್ದೆ ಇರುವಾಗಲೇ ಬುಡಕ್ಕೆ ಒಂದು ತೊಟ್ಟು ನೀಲಿ ಮುಟ್ಟಿಸಿ, ನೆರಳು ತಾನೇ ಇಳಿಯುತ್ತದೆ. ಗಾಳಿಗೆ ಸೀಳಿದ ಕಡೆ ಬಿಳಿ ಬಿಡಿ. ತೆಂಗಿನ ಮಡಲಿಗೆ ಕುಂಚದ ನೀರನ್ನು ಬಟ್ಟೆಗೆ ಒರೆಸಿ, ಕುಂಚವನ್ನು ಮಲಗಿಸಿ ಚಕ್ಕನೆ ಹೊರಗೆ ಎಳೆಯಬೇಕು. ಒರಟು ಕಾಗದದ ಮೇಲೆ ಬಣ್ಣ ತುಂಡು ತುಂಡಾಗಿ ಹತ್ತಿ ಗರಿ ಗರಿಯಾಗಿ ಕಾಣುತ್ತದೆ. ಕಂಗಿನ ತೋಟಕ್ಕೆ ಒಂದು ಉಪಾಯವಿದೆ. ಕಂಗನ್ನು ಬರೆಯಲೇಬೇಡಿ, ಕಂಗಿನ ನಡುವಿನ ಕತ್ತಲನ್ನು ಬರೆಯಿರಿ. ಬಿಟ್ಟ ಜಾಗಗಳು ತಾವಾಗಿ ಮರಗಳಾಗಿ ನಿಲ್ಲುತ್ತವೆ. ಎಲ್ಲ ಒಣಗಿದ ಮೇಲೆ ಆ ಪಚ್ಚೆಯ ಎದುರು ಒಂದೇ ಒಂದು ದಾಸವಾಳ, ಒಂದು ತೊಟ್ಟು ಕೆಂಪು. ಎರಡು ಬೇಡ.

ಸಡಿಲ ಅಂದರೆ ಉದಾಸೀನ ಅಲ್ಲ. ಹತ್ತು ನಿಮಿಷ ನೋಡಿ ಒಂದು ನಿಮಿಷ ಹಚ್ಚುವುದು ಅಂತ ಅರ್ಥ. ಅಂಗಳಕ್ಕೆ ರಂಗೋಲಿ ಹಾಕುವ ಅಮ್ಮ ಎಳೆಯನ್ನು ತಿದ್ದುವುದಿಲ್ಲ, ಕೈಗೆ ಮೊದಲೇ ದಾರಿ ಗೊತ್ತಿರುತ್ತದೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911–1996) ಗೆರೆಗಳಿಗೇ ಹೆಸರಾದವರು. ಅವರ ಕೆಲವು ಗೆರೆಗಳಲ್ಲಿ ಕುಣಿಯುವ ಮನುಷ್ಯ ಪೂರ್ತಿ ಇರುತ್ತಾನೆ. ಕಡಿಮೆ ಗೆರೆ ಹಾಕಬೇಕಾದರೆ ಜಾಸ್ತಿ ನೋಡಿರಬೇಕು.

ಈ ನೋಡುವುದು ಎಷ್ಟು ಬೆಲೆಯದ್ದು ಅಂತ ಹೋದ ವರ್ಷ ಗೊತ್ತಾಯಿತು. ನಮ್ಮ ಕ್ಲಾಸಿನ ಒಬ್ಬ ಹುಡುಗ, ಆರನೇ ತರಗತಿ, ಮಳೆಗಾಲದಲ್ಲಿ ಎದುರಿನ ಗುಡ್ಡೆಯ ಚಿತ್ರ ಬರೆದಿದ್ದ. ಒದ್ದೆ ಕಾಗದದ ಮೇಲೆ ಬೂದು ಆಕಾಶ, ಹುಲ್ಲಿನ ಪಚ್ಚೆ, ಮುರಕಲ್ಲಿನ ಕೆಂಪು ಅಲ್ಲಲ್ಲಿ, ಎರಡು ಗೇರು ಮರ. ವಾಚನಾಲಯದ ಗೋಡೆಗೆ ಅಂಟಿಸಿದೆವು. ಮಳೆ ಬಿಟ್ಟ ಮೇಲೆ ಗುಡ್ಡೆಗೆ ಯಂತ್ರ ಬಂತು. ಮಣ್ಣು ಲಾರಿಯಲ್ಲಿ ಹೋಯಿತು. ಮೂರು ತಿಂಗಳೊಳಗೆ ಎದುರಿಗೆ ಗುಡ್ಡೆ ಇದ್ದ ಜಾಗದಲ್ಲಿ ಬರೀ ಕೆಂಪು ಗಾಯ. ಗುಡ್ಡೆ ಕುಡಿದ ನೀರು ಕೆಳಗಿನ ಸುರಂಗಕ್ಕೆ ಇಳಿಯುತ್ತಿತ್ತು. ಈ ಸಲ ಬೇಸಗೆಯಲ್ಲಿ ಆ ಸುರಂಗ ಬೆರಳು ದಪ್ಪ ಕೂಡ ಬರಲಿಲ್ಲ.

ಆಮೇಲೆ ಪೇಪರ್ ಓದಲು ಬರುವವರೆಲ್ಲ ಆ ಚಿತ್ರದ ಎದುರು ನಿಲ್ಲತೊಡಗಿದರು. ಗೇರು ಮರ ದಾರಿಯ ಎಡಕ್ಕೋ ಬಲಕ್ಕೋ ಅಂತ ಇಬ್ಬರು ಹಿರಿಯರು ಚರ್ಚೆ ಮಾಡಿದರು. ಒಂದು ದಿನ ಹುಡುಗನ ಅಜ್ಜಿ ಬಂದರು. ಚಿಕ್ಕಂದಿನಲ್ಲಿ ಆ ಗುಡ್ಡೆಯಲ್ಲಿ ದನ ಮೇಯಿಸಿದವರು. ತುಂಬ ಹೊತ್ತು ನೋಡಿ ಕೇಳಿದರು, "ಎಲ್ಲ ಸರಿ ಉಂಟು. ಪಳ್ಳ ಎಲ್ಲಿ ಮಗಾ?" ಗುಡ್ಡೆಯ ನೆತ್ತಿಯಲ್ಲಿ ಮಳೆನೀರು ನಿಲ್ಲುವ ಪಳ್ಳವೊಂದಿತ್ತು, ದನಗಳು ಅಲ್ಲಿ ನೀರು ಕುಡಿಯುತ್ತಿದ್ದವು. ಹುಡುಗ ಬಣ್ಣ ಹಚ್ಚದೆ ಬಿಟ್ಟ ಜಾಗದ ಮೇಲೆ ಬೆರಳಿಟ್ಟು, "ಇದೇ ಅಜ್ಜಿ. ನೀರಿಗೆ ನಾನು ಏನೂ ಹಚ್ಚಲಿಲ್ಲ" ಅಂದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಹೌದು. ಮೋಡ ಇರುವಾಗ ಅದು ಹೀಗೇ ಬೆಳ್ಳಗೆ ಕಾಣ್ತಿತ್ತು" ಅಂದರು. ಮತ್ತೆ ಏನೂ ಮಾತಾಡಲಿಲ್ಲ.

ಆ ಗುಡ್ಡೆಯ ಫೋಟೋ ಊರಲ್ಲಿ ಯಾರ ಹತ್ತಿರವೂ ಸಿಗಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೆ ದಿನಾ ಕಾಣುವ ಗುಡ್ಡೆಯ ಫೋಟೋ ಯಾರು ತೆಗೆಯುತ್ತಾರೆ? ಚಿತ್ರ ಬರೆದರೆ ಯಂತ್ರ ನಿಲ್ಲುತ್ತದೆ ಅಂತ ನಾನು ಹೇಳಲಾರೆ. ಆದರೆ ಹತ್ತು ನಿಮಿಷ ಕೂತು ನೋಡಿದ ಜಾಗ ನಮಗೆ ಬರೀ ಸರ್ವೆ ನಂಬ್ರ ಆಗಿ ಉಳಿಯುವುದಿಲ್ಲ. ಆ ಹುಡುಗ ಈಗ ಉಳಿದಿರುವ ಇನ್ನೊಂದು ಗುಡ್ಡೆಯ ಬಗ್ಗೆ ಕೇಳುವ ಪ್ರಶ್ನೆಗಳಿಗೆ ದೊಡ್ಡವರು ಉತ್ತರ ಹುಡುಕಬೇಕಾಗಿದೆ.

ಶಾಲೆಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಚಿತ್ರದ ಪೀರಿಯಡಿನಲ್ಲಿ ಕಪ್ಪು ಹಲಗೆಯ ಮೇಲೆ ಚೂಪು ಬೆಟ್ಟ ಬರೆದು ನಕಲು ಮಾಡಿಸುವ ಬದಲು ಮಕ್ಕಳನ್ನು ಜಗಲಿಗೆ ಕರೆದುಕೊಂಡು ಬನ್ನಿ. ಎದುರಿಗೆ ಏನು ಉಂಟೋ ಅದನ್ನು ಬರೆಯಲಿ, ಬಾಳೆಯಾದರೆ ಬಾಳೆ, ಕೊಳವೆ ಬಾವಿಯ ಪಂಪಾದರೆ ಪಂಪು. ದೊಡ್ಡವರಿಗೂ ಇದೇ ಮಾತು. ಕೈ ನಡುಗುತ್ತದೆ ಅಂತ ಹಿಂಜರಿಯಬೇಡಿ, ಬಾಳೆಲೆಗೆ ನಡುಗುವ ಅಂಚೇ ಚಂದ. ಭಾನುವಾರ ಒಂಬತ್ತೂವರೆಗೆ ಜಗಲಿಯಲ್ಲಿ ಕುಂಚ, ಬಣ್ಣ, ಕಾಗದದ ತುಂಡು ಇರುತ್ತವೆ. ನೀರು ಮಾತ್ರ ಮನೆಯಿಂದ ಒಂದು ಬಾಟ್ಲಿ ತನ್ನಿ, ವಾಚನಾಲಯದ ಬಾವಿ ಮಾರ್ಚಿನಿಂದ ಒಣಗಿದೆ.